ಹಣಮವ್ವನ ಹಾಡು ಅಳಿಸಿದವರು ಯಾರು?

ಹಾಡುಗಳಿದ್ದ ಫೋಲ್ಡರು ಖಾಲಿ.

ಲುಂಬಿನಿ ಅದನ್ನು ಮುಚ್ಚಿ ಮತ್ತೆ ತೆರೆದಳು. ಖಾಲಿ. ಪಕ್ಕದಲ್ಲಿದ್ದ ಹೊಸ ಡಿಸ್ಕನ್ನು ತೆರೆದಳು. ಅದೂ ಖಾಲಿ. ವರ್ಷಗಟ್ಟಲೆ ಚಿಂಚೋಳಿ, ಚಿತ್ತಾಪುರ, ಸೇಡಂ ಕಡೆ ಊರೂರು ತಿರುಗಿ ಹಿಡಿದಿಟ್ಟ ಬೀಸುವ ಪದ, ಕುಟ್ಟುವ ಪದ, ಸೋಬಾನೆ ಪದ, ಒಂದೂ ಇರಲಿಲ್ಲ.

ಅದು 2007ರ ದಸರೆಯ ಮರುದಿನ. ಜಾಗ ಸೇಡಂನ ಕಾಗಿಣಾ ಧ್ವನಿ ಸಂಸ್ಥೆ. ಸಂಸ್ಥೆ ಎಂದೊಡನೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ನಿವೃತ್ತ ಹೆಡ್ ಮಾಸ್ತರ್ ರಘೂತ್ತಮರಾಯರ ಮನೆಯ ಮುಂದಿನ ಕೋಣೆ, ಒಂದು ಕಂಪ್ಯೂಟರು, ಕೆಲಸಕ್ಕೆ ಐನಾಪುರದ ಹುಡುಗಿ ಲುಂಬಿನಿ. ಅಷ್ಟೇ ಸಂಸ್ಥೆ.

ನಾನು ಸರ್ವರಬೇಗಂ. ಶಹಾಬಾದಿನವಳು, ಗುಲ್ಬರ್ಗಾದ ಪತ್ರಿಕೆಯೊಂದರ ವರದಿಗಾರ್ತಿ. ಸಂಸ್ಥೆ ತನ್ನ ಹಾಡುಗಳಿಗೆ ಒಳ್ಳೆಯ ಡಿಜಿಟಲ್ ಸಂಗ್ರಹ ಹುಡುಕುತ್ತಿದೆ, ನಾಲ್ಕು ಸಾಲು ಬರೆಯೋಣ ಎಂದು ಅಂದೇ ಹೋಗಿದ್ದೆ. ಒಳಗೆ ಕಾಲಿಟ್ಟರೆ ಪಂಚಾಯಿತಿ ನಡೆದಿತ್ತು.

"ಹೊರಬಾಗಿಲ ಕೀಲಿ ನಿನ್ನ ಹತ್ರ," ರಾಯರು ಹೇಳುತ್ತಿದ್ದರು. ಹಬ್ಬಕ್ಕೆಂದು ಮಳಖೇಡದ ಮಠಕ್ಕೆ ಹೋಗಿದ್ದವರು ಆಗಷ್ಟೇ ಬಂದಿದ್ದರು. "ಒಳಬಾಗಿಲು ನಮ್ಮ ಮನಿಗೆ. ಮನ್ಯಾಗ ಇದನ್ನ ಚಾಲೂ ಮಾಡೋರು ಯಾರದಾರ?"

"ಮಷೀನೇ ಹೇಳ್ಲಿಕತ್ತದಲ್ರೀ ಸರ್." ಇಸ್ತ್ರಿ ಶರ್ಟಿನ ಯುವಕನೊಬ್ಬ ಪರದೆಗೆ ಬೆರಳಿಟ್ಟ. ಅವನು ಅಭಯ, ತಾನಾಗಿಯೇ ನಕಲು ಮಾಡಿಡುವ ಸಂಗ್ರಹವನ್ನು ಸಂಸ್ಥೆಗಳಿಗೆ ಮಾರುವವನು. ಅಷ್ಟಮಿಯ ದಿನ ಬಂದು, ಲುಂಬಿನಿ ಊಟಕ್ಕೆ ಹೋಗಿದ್ದಾಗ ತನ್ನ ಹೊಸ ಡಿಸ್ಕನ್ನು ಟ್ರಯಲ್‌ಗೆ ಜೋಡಿಸಿ ಹೋಗಿದ್ದ. "ಅಷ್ಟಮಿಗೆ ಎಲ್ಲಾ ಹಾಡು ಹೊಸ ಡಿಸ್ಕಿಗೆ ಹೋಗ್ಯಾವ. ನವಮಿ ಮಧ್ಯಾಹ್ನ ನಾಕು ಗಂಟಿಗೆ ಲುಂಬಿನಿ ಹೆಸರಿನ್ಯಾಗ ಯಾರೋ ಅಳಿಸ್ಯಾರ. ಮೂಲ ಅಳಿಸಿದ್ರ ನಕಲೂ ಅಳಿಸಿ ಹೋಗ್ತದ. ಆಟೋಮ್ಯಾಟಿಕ್."

"ಹಂಗಾದ್ರ ಅದೆಂಥಾ ಬ್ಯಾಕಪ್ಪೋ ಮಾರಾಯ?" ನನಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ.

"ಇದು ಟ್ರಯಲ್ ಮೇಡಂ. ಪೂರಾ ತಗೊಂಡ್ರ ಹಳೇ ಪ್ರತಿನೂ ಉಳೀತಾವ."

"ನವಮಿ ದಿನ ನಾ ಈ ಕಡಿ ಬಂದೇ ಇಲ್ರಿ," ಲುಂಬಿನಿ ಎಂದಳು. "ಮರುದಿನ ಧಮ್ಮ ದೀಕ್ಷಾ ದಿನ, ಬುದ್ಧವಿಹಾರಕ್ಕ ಹೋಗೂದಿತ್ತು. ರೂಮಿನ್ಯಾಗ ಒಬ್ಬಾಕಿನೇ ಬಿಳಿ ಸೀರಿ ಇಸ್ತ್ರಿ ಮಾಡಾಕತ್ತಿದ್ದೆ. ನಾ ಯಾಕ್ ಅಳಸ್ಲಿ ಸರ್? ಅದ್ರಾಗ ನಮ್ಮ ಆಯಿ ಅದಾಳ!"

ಆಯಿ ಎಂದರೆ ಅವಳ ಅಜ್ಜಿ ಹಣಮವ್ವ. ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಅವಳ ದನಿ ಇದ್ದದ್ದು ಆ ಪೆಟ್ಟಿಗೆಯೊಳಗೆ ಮಾತ್ರ. ಹಾಡುಗಳನ್ನು ಯಾರೂ ಮನೆಗೆ ಒಯ್ಯಕೂಡದೆಂದು ಸಂಸ್ಥೆಯ ನಿಯಮವಿತ್ತು. ನಿಯಮ ಮಾಡಿದವರು ರಾಯರೇ.

"ಶುಕ್ರವಾರ ಕಮಿಟಿ ಕೂಡ್ತದ," ರಾಯರು ಅವಳ ಮುಖ ನೋಡದೆ ಹೇಳಿದರು. "ಪೊಲೀಸ್ ಕಂಪ್ಲೇಂಟ್ ಕೊಡೋದೋ ಬ್ಯಾಡೋ ಅಲ್ಲೇ ತೀರ್ಮಾನ. ಕೀಲಿ ಇಟ್ಟು ಹೋಗು."

ಅವಳು ಕೀಲಿ ಇಟ್ಟು ಹೋದಳು. ನನಗೆ ಮೈಯೆಲ್ಲ ಉರಿಯಿತು. ಅಜ್ಜಿಯ ದನಿಯನ್ನು ಮೊಮ್ಮಗಳೇ ಅಳಿಸುತ್ತಾಳೆಯೆ? ರಾಯರನ್ನು ಕಾಡಿ ಬೇಡಿ ಆ ಹೊಸ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡೆ.

* * *

ನನ್ನ ಮೊದಲ ಅನುಮಾನ ವಾಡಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಜಿಲಾನಿಯ ಮೇಲೆ. ಅವನೂ ಈ ಸಂಗ್ರಹದ ಕೆಲಸ ಕೇಳಿದ್ದ. ಹಾಡುಗಳನ್ನು ಸಿ.ಡಿ.ಗೆ ಬರೆದು ಕೊಡುತ್ತೇನೆ, ಆಟೋಮ್ಯಾಟಿಕ್ ಗೀಟೋಮ್ಯಾಟಿಕ್ ನಂಬಬೇಡಿ ಎಂದು ಕಮಿಟಿಯ ಮುಂದೆ ಕೂಗಾಡಿ ಬಂದಿದ್ದನಂತೆ. ಅಭಯನ ಡಿಸ್ಕು ಕೆಟ್ಟರೆ ಲಾಭ ಇವನಿಗೇ ತಾನೆ?

ಅಂಗಡಿಯಲ್ಲಿ ಅವನು ಮಾನಿಟರ್ ಮೇಲಿನ ಸಿಮೆಂಟಿನ ಧೂಳು ಒರೆಸುತ್ತಿದ್ದ.

"ನವಮಿ ದಿನ ಎಲ್ಲಿದ್ದಿ?"

"ಬರ್ರಿ ಆಪಾ, ಮೊದಲ ಕುಂದ್ರಿ. ಆಮ್ಯಾಗ ಜಬರ್ದಸ್ತಿ ಮಾಡ್ರಿ." ನಕ್ಕ. "ಕೋಡ್ಲಾದಾಗ ಇದ್ದೆ. ಲಾರಿ ಪೂಜಾದ ವಿಡಿಯೋ."

ತೋರಿಸು ಅಂದೆ. ತೋರಿಸಿದ. ಹೂವಿನಲ್ಲಿ ಮುಳುಗಿದ ಲಾರಿ ಸಾಲು, ಒಡೆದ ಕುಂಬಳಕಾಯಿ, ಒಂದು ಲಾರಿಯ ಕನ್ನಡಿಯೊಳಗೆ ಕ್ಯಾಮೆರಾ ಹಿಡಿದ ಇವನದೇ ಮುಖ. ಹೊತ್ತು ಇಳಿಯುವವರೆಗೂ ಅದೇ. ನನ್ನ ಅನುಮಾನ ಅಲ್ಲಿಗೆ ಸತ್ತಿತು. ಬೇಜಾರಾಯಿತು, ಸುಳ್ಳೇಕೆ ಹೇಳಲಿ.

ಬಂದ ತಪ್ಪಿಗೆ ಡಿಸ್ಕನ್ನು ಕೊಟ್ಟೆ. ಜಿಲಾನಿ ಜೋಡಿಸಿದ, ಏನೇನೋ ಒತ್ತಿದ, ಹುಬ್ಬೇರಿಸಿದ.

"ಇದ್ರಾಗ ಹಾಡು ಹೋಗಿ ಅಳಿಸ್ಯಾವ ಅಂದಾನೇನು ಅಂವಾ?"

"ಹೌದು."

"ಅಳಿಸಿದ್ರೂ ಗುರುತು ಉಳೀತದ ಆಪಾ. ಹುಡುಕಿದ್ರ ಸಿಗ್ತದ. ಇದ್ರಾಗ ಒಂದು ಹಾಡೂ ಎಂದೂ ಬಂದೇ ಇಲ್ಲ. ಕೋರಾ ಮಾಲು."

ಹಾಗಾದರೆ ಅಷ್ಟಮಿಗೆ ಹಾಡು ನಕಲಾಗಿದ್ದು ಸುಳ್ಳು. ಆದರೆ ನವಮಿಯ ನಾಲ್ಕು ಗಂಟೆ? ಅದು ಪರದೆಯ ಮೇಲೆ ಕಲ್ಲಿನಂತೆ ಕೂತಿತ್ತಲ್ಲ. ಅದನ್ನು ಒಡೆಯದೆ ಲುಂಬಿನಿ ಪಾರಾಗುವಂತಿರಲಿಲ್ಲ.

* * *

ಮರುದಿನ ಸೇಡಂಗೆ ಹೋದೆ. ರಾಯರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಲಕ್ಷ್ಮೀಬಾಯಿ ಬಾಗಿಲು ತೆಗೆದರು.

ಕಂಪ್ಯೂಟರಿನ ಪೆಟ್ಟಿಗೆಯನ್ನು ಸುತ್ತಲೂ ನೋಡಿದೆ. ಹಿಂದುಗಡೆ ಗಾಳಿಯಾಡುವ ಜಾಲರಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ತಲೆಯ ಪಿನ್ನಿನಿಂದ ಎಳೆದೆ. ಅರಿಶಿನ ಬಣ್ಣದ ಅಕ್ಕಿಕಾಳು, ಜೊತೆಗೆ ಒಣಗಿದ ತುಳಸಿ ಎಲೆ. ಮೇಜಿನ ಮೇಲೆ, ನೆಲದ ಮೇಲೆ ಬಗ್ಗಿ ನೋಡಿದೆ. ಅಲ್ಲಿ ಒಂದು ಕಾಳೂ ಇಲ್ಲ.

ಪೂಜೆ ಇಲ್ಲಿ ನಡೆದಿದ್ದರೆ ಕೋಣೆಯಲ್ಲಿ ಒಂದಾದರೂ ಕಾಳು ಬಿದ್ದಿರಬೇಕಲ್ಲ?

"ಅಮ್ಮಾರ," ಎಂದೆ, "ಇದಕ್ಕ ಪೂಜಾ ಎಲ್ಲಿ ಆತ್ರಿ?"

"ಚಹಾ ಕುಡೀವಾ, ಹೇಳ್ತೀನಿ," ಎಂದರು ಲಕ್ಷ್ಮೀಬಾಯಿ.

ಅವರು ಹೇಳಿದ್ದು ಕೇಳಿ ನನ್ನ ಚಹಾ ಆರಿಹೋಯಿತು.

* * *

ಶುಕ್ರವಾರ ಕಮಿಟಿ ಕೂಡಿತು. ಸುಲೇಪೇಟದ ಹಣಮಂತರಾಯರು, ಚಿತ್ತಾಪುರದ ಜಗದೇವಪ್ಪನವರು, ನಡುವೆ ರಘೂತ್ತಮರಾಯರು. ಅಭಯ ಬಣ್ಣದ ಹಾಳೆಗಳನ್ನು ಹಂಚುತ್ತಿದ್ದ. ಮೂಲೆಯಲ್ಲಿ ಲುಂಬಿನಿ. ಪಾಪ, ಕಣ್ಣು ಊದಿಕೊಂಡಿದ್ದವು.

"ಅಭಯ, ಇನ್ನೊಮ್ಮೆ ಹೇಳು," ಎಂದೆ. "ಯಾವಾಗ ಅಳಿಸ್ಯಾರ?"

"ನವಮಿ. ನಾಕು ಗಂಟಿ."

"ಖಾತ್ರಿ ಏನು?"

"ಮಷೀನ್ ಸುಳ್ಳು ಹೇಳೂದಿಲ್ಲ ಮೇಡಂ."

ಲಕ್ಷ್ಮೀಬಾಯಿಯನ್ನು ಕರೆದೆ. "ಅಮ್ಮಾರ, ನವಮಿ ದಿನ ಈ ಪೆಟ್ಟಿಗಿ ಎಲ್ಲಿತ್ತು?"

"ದೇವರ ಮನ್ಯಾಗ." ಸೆರಗು ಸರಿಮಾಡಿಕೊಂಡರು. "ನವರಾತ್ರ್ಯಾಗ ನಮ್ಮಲ್ಲಿ ಪುಸ್ತಕ ಕೂಡಸ್ತೀವಿ, ಸರಸ್ವತಿ ಅಂತ. ಹಾಡು ಎಲ್ಲಾ ಇದ್ರಾಗ ಅವ ಅಂದಮ್ಯಾಲ ಇದೂ ಪುಸ್ತಕ ಅಲ್ಲೇನು? ಮೂಲಾ ನಕ್ಷತ್ರಕ್ಕೇ ಕೂಡಿಸಬೇಕಿತ್ತು, ಈ ಹುಡುಗನ ಕೆಲಸದ ಸಲುವಾಗಿ ತಡ ಆತು. ಅಷ್ಟಮಿ ಸಂಜಿಗೆ ಸ್ವಿಚ್ ಆರಿಸಿ, ವೈರ್ ಬಿಚ್ಚಿ, ಒಳಗ ಒಯ್ದು ಭಾಗವತದ ಬಾಜೂಕ ಇಟ್ಟೆ. ದಶಮಿಗೆ ವಿಸರ್ಜನಾ ಮಾಡಿ ತಂದು ಮತ್ತ ಜೋಡಿಸಿದೆ. ವೈರಿನ ಬಣ್ಣಕ್ಕ ಬಣ್ಣ ಹೊಂದಿಸಿದ್ರ ಆತಲ್ಲ?"

ರಾಯರು ಬಾಯಿ ತೆರೆದರು. "ನನಗ ಯಾಕ ಹೇಳ್ಲಿಲ್ಲ?"

"ಪ್ರತಿ ವರ್ಷ ಪುಸ್ತಕ ಕೂಡಸ್ತೀನಿ, ಪ್ರತಿ ವರ್ಷ ಹೇಳ್ತೀನೇನು? ಹಾಡು ಹೋದ್ವು ಅಂದ್ರಿ, ಅಷ್ಟ. ಯಾವ ದಿನ ಹೋದ್ವು, ಯಾರ ಮ್ಯಾಲ ಹಾಕೀರಿ, ನಂಗ್ಯಾರು ಹೇಳ್ಯಾರ?"

ವೈರಿಲ್ಲದ ಪೆಟ್ಟಿಗೆ ದೇವರ ಮನೆಯಲ್ಲಿ ಕೂತು ತನ್ನ ಹಾಡುಗಳನ್ನು ತಾನೇ ಅಳಿಸಿಕೊಂಡಿತೆ? ನವಮಿಯ ದಾಖಲೆ ಅದಕ್ಕೂ ಮೊದಲೇ ಹುಟ್ಟಿದ್ದು. ಹುಟ್ಟಿಸಿದವನು, ಅಷ್ಟಮಿಯ ದಿನ ಲುಂಬಿನಿ ಊಟಕ್ಕೆ ಹೋದಾಗ ಕಂಪ್ಯೂಟರಿನ ಮುಂದೆ ಒಬ್ಬನೇ ಕೂತಿದ್ದವನು.

"ಏನಪ್ಪಾ," ಎಂದೆ, "ನೀ ಹೇಳ್ತೀಯೋ, ನಾನೇ ಹೇಳ್ಲೋ?"

ಅಭಯ ಹಾಳೆಗಳನ್ನು ಮೇಜಿನ ಮೇಲಿಟ್ಟ. "ನಕಲು ಎಲ್ಲಿಂದ ಎಲ್ಲಿಗೆ ಅನ್ನೋದು ಉಲ್ಟಾ ಕೊಟ್ಟೆ ಮೇಡಂ. ಖಾಲಿ ಡಿಸ್ಕಿನಂಗ ತುಂಬಿದ್ದೂ ಆಗಲಿ ಅಂತ ಒತ್ತಿಬಿಟ್ಟೆ. ನೋಡೂದ್ರಾಗ ಬರೇ ಒಂದೆರಡು ಹಾಡು ಉಳಿದಿದ್ವು."

ಆಮೇಲೆ ಮಾಡಿದ್ದೇ ದ್ರೋಹ. ಕಂಪ್ಯೂಟರಿನ ಗಡಿಯಾರವನ್ನು ಮರುದಿನದ ನಾಲ್ಕು ಗಂಟೆಗೆ ತಿರುಗಿಸಿ, ಉಳಿದಿದ್ದ ಹಾಡುಗಳನ್ನೂ ಅಳಿಸಿ, ಗಡಿಯಾರವನ್ನು ಹಿಂದಕ್ಕೆ ತಂದ. ಲುಂಬಿನಿ ಬಂದಾಗ, ನಕಲು ನಡೆದಿದೆ, ಹಬ್ಬ ಮುಗಿಯುವವರೆಗೆ ಮುಟ್ಟಬೇಡಿ ಎಂದು ಹೇಳಿ ಹೋದ. ಕಂಪ್ಯೂಟರಿನಲ್ಲಿ ಇದ್ದದ್ದು ಅವಳ ಹೆಸರೊಂದೇ. ನವಮಿಯ ಪೂಜೆ ಅವನಿಗೂ ಗೊತ್ತಿತ್ತು. ಅವನ ಅಂಗಡಿಯಲ್ಲಿ ಕುಂಕುಮ ಹಚ್ಚಿ ನಿಂಬೆಹಣ್ಣು ಒಡೆದರೆ ಮಧ್ಯಾಹ್ನಕ್ಕೆ ಮತ್ತೆ ಕೆಲಸ. ಅಲ್ಲಿ ಕಂಪ್ಯೂಟರು ಆಯುಧ. ಈ ಮನೆಯಲ್ಲಿ ಅದು ಪುಸ್ತಕ, ಕೂಡಿಸಿದ ಮೇಲೆ ವಿಸರ್ಜನೆಯವರೆಗೆ ಯಾರೂ ತೆರೆಯುವಂತಿಲ್ಲ ಎಂದು ಅವನಿಗೆ ಹೇಗೆ ತಿಳಿಯಬೇಕು?

"ಕೈತಪ್ಪು ಆತು ಅಂದಿದ್ರ ಬೈದು ಬಿಡ್ತಿದ್ವಿ," ಜಗದೇವಪ್ಪನವರು ಎದ್ದು ನಿಂತರು. "ಈ ಕೂಸಿನ ತಲಿ ಮ್ಯಾಲ ಹಾಕಿದೆಲ್ಲೋ! ನಡಿ ಹೊರಗ."

ರಾಯರು ಕೀಲಿಯನ್ನು ಲುಂಬಿನಿಯ ಮುಂದೆ ಇಟ್ಟರು. "ತಪ್ಪಾತವಾ ತಂಗಿ. ನಿನ್ನ ಮಾತು ಕೇಳಬೇಕಿತ್ತು."

ಅವಳು ಕೀಲಿಯನ್ನು ಮುಟ್ಟಲಿಲ್ಲ. "ನಮ್ಮ ಆಯಿ ಬರ್ತಾಳೇನ್ರಿ?" ಎಂದು ಕೇಳಿದಳು.

* * *

ಜಿಲಾನಿ ಬಂದ. ಅಳಿಸಿದ ಮೇಲೆ ಪೆಟ್ಟಿಗೆಯಲ್ಲಿ ಹೊಸದೇನೂ ಬರೆದಿರಲಿಲ್ಲ, ಅದಕ್ಕೇ ಆಸೆ ಇದೆ ಎಂದ. ಅವನು ಹುಡುಕುತ್ತಿದ್ದಾಗ ಕಮಿಟಿ ಅಲ್ಲೇ ಕೂತು ತೀರ್ಮಾನಿಸಿತು. ನಕಲು ತಾನಾಗಿಯೇ ಆಗಲಿ, ಆದರೆ ಅಳಿಸುವುದು ತಾನಾಗಿಯೇ ಆಗಕೂಡದು. ಹಳೆಯ ಪ್ರತಿ ಉಳಿಸದ ಸಂಗ್ರಹ ಬೇಡವೇ ಬೇಡ. ಒಂದು ಪ್ರತಿ ಬೇರೆ ಊರಿನಲ್ಲಿರಲಿ, ಅದನ್ನು ಆಗಾಗ ಹಚ್ಚಿ ಕೇಳಬೇಕು. ಹಾಡಿದವರ ಮನೆಗೂ ಒಂದು ಪ್ರತಿ ಹೋಗಲಿ ಎಂದವರು ರಾಯರೇ.

ಮುಕ್ಕಾಲು ಪಾಲು ಹಾಡು ಸಿಕ್ಕವು. ಹಣಮವ್ವನದು ಮಾತ್ರ ಶುರುವಿನ ತುಣುಕು. ಹಾಡು ಇರಲಿಲ್ಲ. ಜಿಲಾನಿ ಮುಖ ಸಪ್ಪಗೆ ಮಾಡಿ ಇದ್ದಷ್ಟನ್ನು ಹಚ್ಚಿದ.

ಬೀಸುಕಲ್ಲು ಸರಿಸಿದ ಸದ್ದು. ಆಮೇಲೆ ಗೊಗ್ಗರು ದನಿ.

"ಏ ಲುಂಬಿ, ಅದೇನ್ ಕರೇ ಡಬ್ಬಿ ಮಾರಿ ಮುಂದ ಹಿಡೀತಿ? ಮುಂಜಾನಿಂದ ತಿರಗಾಕತ್ತಿ, ಉಂಡೇನು? ಮೊದಲ ಉಣ್ಣು. ಆಮ್ಯಾಗ ಹಾಡ್ತೀನಿ."

ಅಲ್ಲಿಗೆ ಮುಗಿಯಿತು.

ಲುಂಬಿನಿ ಸ್ಪೀಕರಿನ ಹತ್ತಿರ ಬಗ್ಗಿದಳು.

"ಇನ್ನೂ ಉಂಡಿಲ್ಲ ಆಯಿ," ಎಂದಳು.