ಕೆಳಗಿನ ಸಾಲು

"ಎಡಗಣ್ಣು ಮುಚ್ಚಿ. ಕೆಳಗಿನ ಸಾಲು ಓದಿ."

ಸುಗುಣಾ ಅಂಗೈಯಿಂದ ಎಡಗಣ್ಣು ಮುಚ್ಚಿ ಗಡಗಡ ಓದಿದಳು. "ಪಿ, ಟಿ, ಎಲ್, ಒ, ಎಫ್, ಝಡ್."

"ಸರಿ. ಈಗ ಬಲಗಣ್ಣು ಮುಚ್ಚಿ. ಮತ್ತೆ ಕೆಳಗಿನ ಸಾಲು."

"ಪಿ, ಟಿ, ಎಲ್, ಒ, ಎಫ್, ಝಡ್."

ಪರೀಕ್ಷೆ ಮಾಡುತ್ತಿದ್ದವನು ಪೆನ್ನು ಕೆಳಗಿಟ್ಟ.

"ಭಾರೀ ಜ್ಞಾಪಕಶಕ್ತಿ ಕಣ್ರೀ ನಿಮ್ದು. ಆದ್ರೆ ನೀವು ಕೈ ಬದಲಾಯಿಸೋ ಅಷ್ಟರಲ್ಲಿ ನಾನು ಬೋರ್ಡು ತಿರುಗಿಸ್ದೆ. ಈಗ ಅಲ್ಲಿರೋದು ತಮಿಳು ಅಕ್ಷರ!"

ಸುಗುಣಾಳ ಕಿವಿ ಬಿಸಿಯಾಯಿತು. ತಮಿಳೋ ಇಂಗ್ಲಿಷೋ... ಅವಳ ಎಡಗಣ್ಣಿಗೆ ಅಲ್ಲಿ ಕಂಡದ್ದು ಇರುವೆ ಮುತ್ತಿದ ಬಿಳಿ ಹಾಳೆ, ಅಷ್ಟೇ.

ಹೊಸೂರಿನ ಆ ಕಾರ್ಖಾನೆಯಲ್ಲಿ ಮೊಬೈಲಿನೊಳಗಿನ ಸಣ್ಣ ಬೋರ್ಡುಗಳು ತಯಾರಾಗುತ್ತಿದ್ದವು. ಸುಗುಣಾಳದು ತಪಾಸಣೆಯ ಕೆಲಸ. ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂತು ಬೆಸುಗೆಯ ದೋಷ ಹುಡುಕಬೇಕು. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ನಪಾಸಾದರೆ ಪ್ಯಾಕಿಂಗಿಗೆ, ಅಲ್ಲಿಂದ ಮನೆಗೆ. ಪರೀಕ್ಷೆಯ ಅಕ್ಷರದ ಬೋರ್ಡು ಮಾತ್ರ ಪ್ರತಿ ವರ್ಷ ಅದೇ. ಆದ್ದರಿಂದ ಗುಮ್ಮಳಾಪುರದಿಂದ ಬರುವ ಕಂಪನಿ ಬಸ್ಸಿನಲ್ಲಿ ಹುಡುಗಿಯರೆಲ್ಲ ಕೆಳಗಿನ ಸಾಲನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತಿದ್ದರು.

ತಿರುಗಿಸಿದರೆ ಹಿಂದೆ ಇನ್ನೊಂದು ಭಾಷೆ ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ!

"ಸಾರ್... ಬರೀಬೇಡಿ ಸಾರ್. ಕೆಲ್ಸ ಹೋಯ್ತದೆ."

ಅವನು ಟಾರ್ಚು ಹಿಡಿದು ಅವಳ ಕಣ್ಣನ್ನು ಪಕ್ಕದಿಂದ ನೋಡಿದ. ಬಹಳ ಹೊತ್ತು ನೋಡಿದ. ಅವನ ಮುಖದ ತಮಾಷೆ ಇಳಿದುಹೋಯಿತು.

"ಒಂದು ತಿಂಗಳು ರಿಪೋರ್ಟಲ್ಲಿ ಆ ಕಾಲಂ ಖಾಲಿ ಬಿಡ್ತೀನಿ. ಅಷ್ಟರಲ್ಲಿ ದೊಡ್ಡ ಕಣ್ಣಾಸ್ಪತ್ರೆಗೆ ತೋರ್ಸಿ. ಮತ್ತೆ... ಕಣ್ಣು ಉಜ್ಜೋದು ಬಿಡಿ. ಒಳಗೆ ಬಂದಾಗಿಂದ ನಾಲ್ಕು ಸಲ ಉಜ್ಜಿದ್ದೀರಿ."

ಅವನ ಹೆಸರು ಮುನಿರಾಜ್. ಬೇರಿಕೆ ಊರಿನವನು. ಹೊಸೂರಿನ ಒಂದು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ಈ ವರ್ಷ ಕಾರ್ಖಾನೆಯ ಪರೀಕ್ಷೆಗೆ ಅವನನ್ನು ಕರೆಸಿದ್ದರು.

*

ಮೊದಲ ವಾರ ಫೋನು. ಎರಡನೇ ವಾರ ಬಸ್ ಸ್ಟ್ಯಾಂಡಿನ ಎದುರು ಟೀ. ಮೂರನೇ ವಾರಕ್ಕೆ ಅವನು "ನೀವು" ಬಿಟ್ಟು "ನೀನು" ಎಂದ. ಅವಳು ಬೇಡ ಅನ್ನಲಿಲ್ಲ.

"ಕಂಪ್ಯೂಟರಿಂದ ತಾನೆ ಹಿಂಗಾಗಿರೋದು?" ಒಮ್ಮೆ ಕೇಳಿದಳು.

"ಆ ಪಾಪಾನ ಕಂಪ್ಯೂಟರಿನ ತಲೆಗೆ ಕಟ್ಟಬೇಡ. ಅದನ್ನ ನೋಡ್ತಾ ರೆಪ್ಪೆ ಬಡಿಯೋದು ಮರೀತೀವಿ. ಕಣ್ಣು ಒಣಗ್ತದೆ, ಉರೀತದೆ, ತಲೆ ನೋಯ್ತದೆ. ವಿಶ್ರಾಂತಿ ಕೊಟ್ರೆ ಅದು ಸರಿಹೋಗ್ತದೆ. ನಿಂದು ಬೇರೆ ಇರ್ಬೇಕು. ಕಣ್ಣಿನ ಮುಂದಿನ ಗಾಜಿನಂಥ ಪದರ ತೆಳ್ಳಗಾಗಿ ಉಬ್ಬಿದೆ ಅನ್ನಿಸ್ತದೆ. ಉಜ್ಜಿದಷ್ಟೂ ಉಬ್ತದೆ. ಈಗ್ಲೇ ಹೋದ್ರೆ ಅಲ್ಲಿಗೇ ನಿಲ್ಲಿಸ್ಬೋದು. ಹೋಗಿದ್ಯಾ?"

"ಹೂಂ... ಹೋಗಿದ್ದೆ. ಏನಿಲ್ವಂತೆ."

ಸುಳ್ಳು! ಆಸ್ಪತ್ರೆಗೆ ಹೋದರೆ ಅಪ್ಪನಿಗೆ ತಿಳಿಯುತ್ತದೆ. ಕೆಲಸಕ್ಕೆ ಸೇರುವ ದಿನವೇ ನಾರಾಯಣಪ್ಪ ಹೇಳಿದ್ದ: "ಕಣ್ಣಿಗೇನಾದ್ರೂ ಆದ್ರೆ ಅವತ್ತೇ ಮನೆಗ್ ಬಾ. ಮದ್ವೆ ಮಾಡ್ಬುಡ್ತೀನಿ."

ಅವಳಿಗೆ ಆ ಕುರ್ಚಿ ಬೇಕಿತ್ತು. ಸಂಬಳಕ್ಕಷ್ಟೇ ಅಲ್ಲ. ಬಸ್ಸಿನ ಬೋರ್ಡು, ಅಕ್ಕಿಯ ಕಲ್ಲು, ಎದುರು ಬರುವ ಮುಖ, ಎಲ್ಲವೂ ಅವಳಿಗೆ ಕಲಸಿಕೊಂಡೇ ಕಾಣುತ್ತಿದ್ದವು. ಮಾನಿಟರಿನ ಮೇಲೆ ಮಾತ್ರ ಸಾಸಿವೆಯಷ್ಟಿದ್ದದ್ದು ಕುಂಬಳಕಾಯಿಯಷ್ಟು ದೊಡ್ಡದಾಗುತ್ತಿತ್ತು. ಊರೆಲ್ಲ ಯಾವುದು ಕಣ್ಣು ಕೀಳುತ್ತದೆ ಎನ್ನುತ್ತಿತ್ತೋ ಅದೊಂದರಲ್ಲೇ ಅವಳಿಗೆ ನೆಟ್ಟಗೆ ಕಾಣುತ್ತಿದ್ದದ್ದು.

ಆಸ್ಪತ್ರೆಯ ಚೀಟಿ ತೋರಿಸು ಎಂದು ಮುನಿರಾಜ್ ಎರಡು ಸಲ ಕೇಳಿದ. ಅವಳು ಎರಡು ಸಲವೂ ಮಾತು ಮರೆಸಿದಳು.

ತಿಂಗಳು ಮುಗಿದ ದಿನ ಆಫೀಸಿನಿಂದ ಕರೆ ಬಂತು.

"ಸುಗುಣಾ, ನಾಳೆಯಿಂದ ಪ್ಯಾಕಿಂಗ್. ಇದು ನಿನ್ನ ಕಾಪಿ," ಎಂದು ಸೂಪರ್‌ವೈಸರ್ ಹಳದಿ ಕಾಗದವೊಂದನ್ನು ಕೊಟ್ಟ.

ಮೇಲೆ ಕೆಂಪು ಮುದ್ರೆ: ಅನ್‌ಫಿಟ್. ಅದು ಕಂಡಿತು. ಅದರ ಕೆಳಗೆ ಸಣ್ಣ ಕೈಬರಹದ ಏನೇನೋ ಸಾಲುಗಳು. ಮೂಗಿಗೆ ತಾಗಿಸಿ ಹಿಡಿದಿದ್ದರೆ ಓದಬಹುದಿತ್ತೇನೋ. ಆದರೆ ಹತ್ತು ಜನರ ಎದುರು ಕಾಗದವನ್ನು ಮೂಗಿಗೆ ಹಿಡಿಯುವ ಹುಡುಗಿ ಅವಳಲ್ಲ. ಓದಿದವಳಂತೆ ತಲೆಯಾಡಿಸಿ ಮಡಚಿಟ್ಟಳು.

ಅವನೇ ಬರೆದುಬಿಟ್ಟನಲ್ಲ... ಟೀ ಕುಡಿಸಿ, "ನೀನು" ಎಂದು ಕರೆದು, ಕೊನೆಗೆ ಹೀಗಾ?

ಫೋನ್ ತೆಗೆದು ಅವನ ನಂಬರ್ ಬ್ಲಾಕ್ ಮಾಡಿದಳು. ಮನೆಗೆ ಬಂದು ಕಾಗದವನ್ನು ಪೆಟ್ಟಿಗೆಯ ತಳಕ್ಕೆ ತುರುಕಿದವಳು ಮತ್ತೆ ಬಿಚ್ಚಲೇ ಇಲ್ಲ.

*

ಪ್ಯಾಕಿಂಗಿನಲ್ಲಿ ನಾಲ್ಕು ತಿಂಗಳಿದ್ದಳು. ಆಮೇಲೆ ಕಾಂಟ್ರಾಕ್ಟು ಮುಗಿಯಿತು ಎಂದರು.

"ಆ ಹಾಳು ಪೆಟ್ಟಿಗೆ ಮುಂದೆ ಕೂತು ಕಣ್ಣು ಕಳ್ಕಂಡ್ ಬಂದ್ಲು," ಎಂದು ನಾರಾಯಣಪ್ಪ ಊರೆಲ್ಲ ಹೇಳಿದ. ತಾಯಿ ಪಿಳ್ಳಮ್ಮ ದಿನಾ ಅವಳ ಕಣ್ಣಿಗೆ ನಂದಿಬಟ್ಟಲು ಹೂವಿನ ರಸ ಹಿಂಡಿದಳು. ಕಣ್ಣು ನವೆಯಾಗುತ್ತಿತ್ತು. ಸುಗುಣಾ ಉಜ್ಜುತ್ತಿದ್ದಳು.

ಹೆಣ್ಣು ನೋಡಲು ಮೂರು ಕಡೆಯವರು ಬಂದರು. ಮೂರನೆಯವರ ಮುದುಕಿ ಬಾಗಿಲಲ್ಲೇ ಹೇಳಿದಳು, "ಕಂಪ್ಯೂಟರ್ ಕಣ್ಣಂತಲ್ಲಮ್ಮ? ನಾಳೆ ಮಗೀನ ಬಾಯಿ ಯಾವ್ದು, ಮೂಗು ಯಾವ್ದು ಅಂತ ಕಂಡಾತೇ ಇವ್ಳಿಗೆ?"

ಬಂದವರೆಲ್ಲ ನಕ್ಕರು. ಉಪ್ಪಿಟ್ಟು ಪೂರ್ತಿ ತಿಂದೇ ಹೋದರು.

ಒಂದು ವರ್ಷ ಕಳೆಯಿತು. ಪಡಿತರದ ಕಾರ್ಡು ಹುಡುಕುತ್ತ ಅತ್ತಿಗೆ ಭಾನು ಸುಗುಣಾಳ ಪೆಟ್ಟಿಗೆ ಕೆದಕಿದಳು. ಹಳದಿ ಕಾಗದ ಸಿಕ್ಕಿತು.

"ಯಾರೇ ಇದು, ಮುನಿರಾಜ್?"

"ನನ್ನ ಕೆಲ್ಸ ಕಳೆದವ್ನು."

"ಕಳೆದವ್ನು ಹಿಂಗ್ ಬರೀತಾನಾ? ಮೇಲೆ ಇಂಗ್ಲಿಷಲ್ಲಿ ಮೂರು ತಿಂಗ್ಳು ಚಿಕಿತ್ಸೆ ಕೊಡ್ಸಿ, ಆಮೇಲೆ ಅದೇ ಕೆಲ್ಸ ಕೊಡ್ಬೋದು ಅಂತ ಐತೆ. ಕೆಳಗೆ ಕನ್ನಡದಲ್ಲಿ ಐತೆ, ಕೇಳು... 'ಸುಗುಣಾ, ನೀನು ಆಸ್ಪತ್ರೆಗೆ ಹೋಗಿಲ್ಲ ಅಂತ ಗೊತ್ತು. ಹತ್ತನೇ ತಾರೀಖಿಗೆ ಬೆಂಗಳೂರಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಬೆಳಿಗ್ಗೆ ಏಳಕ್ಕೆ ಬಸ್ ಸ್ಟ್ಯಾಂಡಲ್ಲಿ ಕಾಯುತ್ತೇನೆ. ಜೊತೆಯಲ್ಲೇ ಹೋಗೋಣ. ಇನ್ನು ಮೇಲೆ ಎಲ್ಲಿಗಾದರೂ ಜೊತೆಯಲ್ಲೇ. ನೀನು ಬರದಿದ್ದರೆ ನಾನು ಬೇಡ ಅಂತ ತಿಳಿಯುತ್ತೇನೆ.'"

ಸುಗುಣಾ ಕಾಗದ ಕಸಿದು ಮೂಗಿಗೆ ತಾಗಿಸಿ ಹಿಡಿದಳು.

ಒಲೆಯ ಮುಂದಿದ್ದ ಪಿಳ್ಳಮ್ಮ ತಿರುಗಿ ನೋಡಲಿಲ್ಲ. ಒಲೆಗೇ ಹೇಳುವವಳಂತೆ ಹೇಳಿದಳು: "ಎಂಟ್ನೇ ಕ್ಲಾಸಲ್ಲೇ ಸ್ಕೂಲಿಗೆ ಕಣ್ಣು ಡಾಕ್ಟ್ರು ಬಂದವ್ರು ಹೇಳಿದ್ರು, ಕನ್ನಡಕ ಹಾಕ್ಸಿ, ವರ್ಷ ವರ್ಷಾ ತೋರುಸ್ತಾ ಇರಿ ಅಂತ. ಹೆಣ್ಮಗೀಗೆ ಕನ್ನಡಕ ಹಾಕಿದ್ರೆ ಗಂಡು ಸಿಕ್ಕಲ್ಲ ಅಂದ್ರು ನಿಮ್ಮಪ್ಪ. ನಾನೂ ಸುಮ್ಕಾದೆ."

ಇಷ್ಟು ದಿನ ಎಲ್ಲರೂ ಸೇರಿ ಕಂಪ್ಯೂಟರನ್ನು ಬೈಯುವುದು ಎಷ್ಟು ಸುಲಭವಾಗಿತ್ತು! ಅದು ಎದುರು ಮಾತಾಡುತ್ತಿರಲಿಲ್ಲ.

*

ಮಾರನೆಯ ದಿನ ಅವಳು ಒಬ್ಬಳೇ ಹೊಸೂರಿಗೆ ಹೋದಳು. ಬಸ್ಸಿನ ಬೋರ್ಡು ಕಾಣಲಿಲ್ಲ. ಮೊದಲ ಬಾರಿ ಪಕ್ಕದವರನ್ನು ಕೇಳಿದಳು.

ಕನ್ನಡಕದಂಗಡಿಯ ಒಳಕೋಣೆಯಲ್ಲಿ ಮುನಿರಾಜ್ ಒಬ್ಬನೇ ಇದ್ದ. ಅವಳನ್ನು ನೋಡಿ ಎದ್ದು ನಿಂತ.

ಸುಗುಣಾ ಹಳದಿ ಕಾಗದವನ್ನು ಮೇಜಿನ ಮೇಲೆ ಕುಕ್ಕಿದಳು.

"ಕಣ್ಣು ಕಾಣದೋಳು ಅಂತ ನಿಮ್ಗೊಬ್ರಿಗೇ ಗೊತ್ತಿತ್ತು. ನೀವೇ ಇರುವೆಕಾಲಿನಷ್ಟು ಅಕ್ಷರದಲ್ಲಿ ಬರೀತೀರಾ? ಬಾಯಲ್ಲಿ ಹೇಳಕ್ಕೇನಾಗಿತ್ತು!"

ಅವನು ಕಾಗದ ನೋಡಿದ. ಮುಖ ಬಿಳುಚಿಕೊಂಡಿತು.

"ಆಫೀಸಿನವರು ಓದಬಾರದು ಅಂತ ಸಣ್ಣಕೆ ಬರೆದೆ... ಹತ್ತನೇ ತಾರೀಖು ಹನ್ನೊಂದರವರೆಗೆ ಕಾದೆ. ಫೋನು ಹೋಗ್ಲಿಲ್ಲ. ಅದೇ ನಿನ್ನ ಉತ್ತರ ಅಂದ್ಕೊಂಡೆ."

"ಗುಮ್ಮಳಾಪುರಕ್ಕೆ ಬಸ್ಸಿರ್ಲಿಲ್ವಾ?"

"ಇತ್ತು. ನಂಗೆ ರೋಷ ಇತ್ತು. ತಪ್ಪು ನಂದೂ ಇದೆ ಸುಗುಣಾ."

"ನಂದೂ ಐತೆ. ಸುಳ್ಳು ಹೇಳ್ದೋಳು ನಾನು... ಎಡಗಣ್ಣು ಬತ್ತದಾ?"

ಅವನು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಟಾರ್ಚು ಹಿಡಿದು ಎರಡೂ ಕಣ್ಣು ನೋಡಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಮೊದಲಿನ ಹಾಗೆ ಬರೋದು ಕಷ್ಟ. ಡಾಕ್ಟ್ರು ನೋಡಿ ಹೇಳ್ಬೇಕು. ಬಲಗಣ್ಣು ಉಳಿಸ್ಕೋಬೋದು. ನಾಳೇನೇ ಹೋಗ್ಬೇಕು."

ಅವಳು ಅಳಲಿಲ್ಲ. ಕಣ್ಣಿನತ್ತ ಎದ್ದ ಕೈಯನ್ನು ಮಾತ್ರ ತಾನೇ ಕೆಳಗಿಳಿಸಿದಳು.

ಅವನು ಗೋಡೆಯ ಮೇಲಿದ್ದ ಅದೇ ಬೋರ್ಡನ್ನು ಕೈಗೆತ್ತಿಕೊಂಡ.

"ಬಲಗಣ್ಣು ಮುಚ್ಚು. ಕೆಳಗಿನ ಸಾಲು ಓದು."

ಪಿ, ಟಿ, ಎಲ್... ನಾಲಗೆಯ ತುದಿಯವರೆಗೆ ಬಂತು.

"ಕಾಣ್ಸಲ್ಲ," ಎಂದಳು. ಇಪ್ಪತ್ತೈದು ವರ್ಷಗಳಲ್ಲಿ ಯಾರ ಮುಂದೆಯೂ ಆಡದ ಮಾತು.

ಅವನು ಎರಡು ಹೆಜ್ಜೆ ಮುಂದೆ ಬಂದ. "ಈಗ?"

"ಕಾಣ್ಸಲ್ಲ."

ಇನ್ನೂ ಎರಡು ಹೆಜ್ಜೆ. ಬೋರ್ಡು ಅವಳ ಮೊಣಕಾಲಿಗೆ ತಗುಲಿತು. "ಈಗ?"

"ಅಕ್ಷರ ಕಾಣ್ಸಲ್ಲ. ನಿಮ್ಮ ಗಡ್ಡ ಕಾಣ್ತದೆ. ಎಷ್ಟು ದಿನ ಆಯ್ತು ಬೋಳ್ಸಿ?"

"ಲೆಕ್ಕ ಇಟ್ಟಿಲ್ಲ."

"ನಾಳೆ ಬೋಳ್ಸ್ಕೊಂಡ್ ಬನ್ನಿ. ಎಷ್ಟೊತ್ತಿಗೆ?"

"ಏಳಕ್ಕೆ. ಬಸ್ ಸ್ಟ್ಯಾಂಡಲ್ಲಿ."

"ಬರ್ದು ಕೊಡ್ಬೇಡಿ," ಎಂದಳು ಸುಗುಣಾ. "ಇನ್ನೊಂದ್ಸಲ ಬಾಯಲ್ಲೇ ಹೇಳಿ."