ಬಾಲ ಕಳೆದುಕೊಂಡ ಕರು

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ನಿವೃತ್ತ ಪೋಸ್ಟ್‌ಮಾಸ್ತರರು ಮೇಜಿನ ಮೇಲೆ ಹಳೆಯ ವಾರಪತ್ರಿಕೆಯೊಂದನ್ನು ಇಟ್ಟು, ಅದು ಕಳುವಾಗಿದೆಯೆಂದು ದೂರು ಕೊಟ್ಟರು.

"ಇಲ್ಲೇ ಇದೆಯಲ್ಲ, ಯಜಮಾನ್ರೇ!" ಎಂದ ದಫೇದಾರ.

"ಇದು ನನ್ನದಲ್ಲ. ಸಂಚಿಕೆ ಅದೇ, ಪ್ರತಿ ಬೇರೆ. ನನ್ನದನ್ನ ಎತ್ಕೊಂಡು ಇದನ್ನ ಇಟ್ಟು ಹೋಗಿದಾರೆ."

"ಇಷ್ಟು ಮರ್ಯಾದಸ್ಥ ಕಳ್ಳ ನನ್ನ ಸರ್ವೀಸಿನಲ್ಲೇ ಸಿಕ್ಕಿಲ್ಲ."

ಇನ್‌ಸ್ಪೆಕ್ಟರಮ್ಮನಿಗೂ ನಗು ಬಂದಿತ್ತು. ಮುದುಕರ ಬಾಡಿದ ಮುಖ ನೋಡಿ ನುಂಗಿಕೊಂಡು ಎಫ್‌ಐಆರ್ ಬರೆಸಿದರು.

ಮನೆಯಲ್ಲಿ ಪಂಚನಾಮೆ ನಡೆಯಿತು. ಗೋಡೆಯುದ್ದಕ್ಕೂ ಗೂಡುಗಳು, ಅವುಗಳಲ್ಲಿ ಬಣ್ಣದ ಮುಖಪುಟಗಳ ಪತ್ರಿಕೆಗಳು. ಬೀಗ ಮುರಿದಿರಲಿಲ್ಲ.

"ಯಾರ್ಯಾರು ಬಂದಿದ್ರು?"

"ಶುಕ್ರವಾರ ಎಲ್ಲರಿಗೂ ತೋರಿಸೋಣ ಅಂತ ಬಾಗಿಲು ತೆಗೆದಿಟ್ಟಿದ್ದೆ. ಅರ್ಧ ಊರೇ ಬಂದಿತ್ತು."

ಇನ್‌ಸ್ಪೆಕ್ಟರಮ್ಮ ಮುಖಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹುಡುಗಿಯೊಬ್ಬಳು ಕರುವನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟುತ್ತಿದ್ದಾಳೆ. ಕರುವಿಗೆ ಬಾಲವಿಲ್ಲ. ಮೂರೂ ಅಂಚು ಒಂದೇ ಏಟಿಗೆ ನುಣ್ಣಗೆ ಕತ್ತರಿಸಿದಂತಿವೆ.

"ಇದು ಕತ್ತರಿ ಕೆಲಸ ಅಲ್ಲ. ಬೈಂಡಿಂಗ್ ಮಾಡೋರು ಹೀಗೆ ಅಂಚು ಸವರ್ತಾರೆ."

ಊರಿಗೆ ಇದ್ದವನು ಒಬ್ಬನೇ ಬೈಂಡರ್. ತಮ್ಮ ಸ್ವತ್ತನ್ನು ಗುರುತಿಸಲು ಪೋಸ್ಟ್‌ಮಾಸ್ತರರೂ ಜೀಪು ಹತ್ತಿದರು.

ಬೈಂಡರ್ ಅಂಟಿನ ಕೈ ಒರೆಸಿಕೊಳ್ಳುತ್ತ ಎದ್ದು ನಿಂತ.

"ಬದಲಿಸಿದ್ದು ನೀನೇನಾ?"

"ಹೌದು ಮೇಡಂ. ಗೂಡು ಖಾಲಿ ಬಿಡೋಕೆ ಮನಸ್ಸು ಬರಲಿಲ್ಲ."

"ಕೇಳಿ ತಗೋಬಹುದಿತ್ತಲ್ಲ?"

"ಕೇಳೋಕೆ ಹೋಗಿದ್ದೆ. ಬಾಯಿ ತೆಗೆಯೋ ಮೊದಲೇ 'ಮಾರಾಟಕ್ಕಿಲ್ಲ' ಅಂದ್ರು."

ಪೋಸ್ಟ್‌ಮಾಸ್ತರರು ಕೆಮ್ಮಿದರು.

ಒಳಗಿನಿಂದ ಅವನ ತಾಯಿಯ ದನಿ ಕೇಳಿಸಿತು. "ಪೊಲೀಸರಾ? ಬನ್ನಿ, ಬನ್ನಿ. ಆವತ್ತೇ ಬರಬೇಕಿತ್ತು ನೀವು!"

ಮುದುಕಿ ಭೂತಗನ್ನಡಿ ಹಿಡಿದು ಪತ್ರಿಕೆಯ ಮೇಲೆ ಬಾಗಿದ್ದಳು. "ಇವನಪ್ಪ ಬರೆದ ಚಿತ್ರ ಇದು. ಎಷ್ಟೋ ಬರೆದ್ರು, ಹೆಸರು ಹಾಕೋಕೆ ಬಿಟ್ಟಿದ್ದು ಇದೊಂದರಲ್ಲೇ. ಇಲ್ಲಿ, ಬಾಲದ ಕೆಳಗೆ. ಈ ಮಹಾಶಯ ಕೆಲಸ ಕಲಿತ ಹೊಸದರಲ್ಲಿ ಅಂದ ಮಾಡ್ತೀನಿ ಅಂತ ನಮ್ಮ ಪ್ರತೀಲಿ ಅಪ್ಪನ ಹೆಸರನ್ನೇ ಕತ್ತರಿಸಿ ಬಿಸಾಕಿದ. ಅದಕ್ಕೇ ದಿನಾ ಬೈತಿದ್ದೆ. ನನ್ನ ಕಣ್ಣೋ, ದಿನದಿನಕ್ಕೆ ಮಂಜಾಗ್ತಿದೆ."

"ಅಜ್ಜಿ, ಇದನ್ನ ಜಪ್ತಿ ಮಾಡಬೇಕಾಗುತ್ತೆ."

"ಮಾಡವ್ವ. ಇನ್ನೊಂದು ಸಲ ನೋಡಿ ಕೊಡ್ತೀನಿ."

ಇನ್‌ಸ್ಪೆಕ್ಟರಮ್ಮ ದಫೇದಾರನ ಕಡೆ ನೋಡಿದರು. "ಮಹಜರು ಬರಿ. ಅಕ್ಷರ ದುಂಡಗಿರಲಿ, ಅವಸರ ಬೇಡ."

ಪೋಸ್ಟ್‌ಮಾಸ್ತರರು ಮುದುಕಿಯ ಪಕ್ಕ ನೆಲದ ಮೇಲೇ ಕುಳಿತುಬಿಟ್ಟಿದ್ದರು. "ಈ ಸಹಿ ಯಾರದು ಅಂತ ಕೇಳದ ಜನ ಇಲ್ಲ, ತಾಯೀ. ನಿಮ್ಮ ಯಜಮಾನರು ಬೇರೆ ಯಾವ್ಯಾವುದು ಬರೆದಿದ್ರು? ನನ್ನ ಹತ್ತಿರ ಎಲ್ಲಾ ಇದೆ. ಕೇಸು ಮುಗೀಲಿ, ಇದನ್ನೂ ಇಲ್ಲಿಗೇ ತರ್ತೀನಿ."

ಮಧ್ಯಾಹ್ನ ಒಂದೂಕಾಲಿಗೆ ಬೈಂಡರನ ಬಂಧನವಾಯಿತು. ಅವನು ಬಾಗಿಲಲ್ಲಿ ನಿಂತು, "ಅವ್ವಾ, ಹೋಗ್ಬರ್ತೀನಿ" ಎಂದ.

"ಹೋಗ್ಬಾ. ಅಡ್ಡ ನಿಲ್ಲಬೇಡ, ಬೆಳಕು ಬಿಡು."

ಜೀಪಿನಲ್ಲಿ ಕುಳಿತ ಮೇಲೆ ಅವನು ಮೆಲ್ಲಗೆ ಹೇಳಿದ: "ಶುಕ್ರವಾರದಿಂದ ಅವ್ವ ನನ್ನನ್ನ ಬೈದಿಲ್ಲ ಮೇಡಂ."