ಕಲ್ಲಿಗೆ ಬೇಕಾದ ಒಂದು ಪದ

ಶುಕ್ರವಾರ ಸಂಜೆ ಗಿರಣಿ ಬಿಟ್ಟಾಗ ಗೇಟಿನ ಪಕ್ಕ ಕಪ್ಪು ಕೋಟಿನವನೊಬ್ಬ ಲಕೋಟೆ ಹಿಡಿದು ನಿಂತಿದ್ದ.

"ಮಿಸ್ ಸಲೀನಾ ಕ್ರಾಷಾ ಅಂದ್ರೆ ಯಾರು?"

ಗಲಗಲ ಅಂತ ಬರುತ್ತಿದ್ದ ಹೆಂಗಸರೆಲ್ಲ ಗಪ್‌ಚಿಪ್. ಯುದ್ಧ ಮುಗಿದು ಮೂರು ವರ್ಷವಾಗಿತ್ತು. ಆದರೂ ಲಕೋಟೆ ಹಿಡಿದು ಹೆಸರು ಕೇಳುವ ಗಂಡಸು ಅಂದರೆ ಲ್ಯಾಂಕಶೈರಿನ ಆ ಊರಿಗೆ ಇನ್ನೂ ಒಂದೇ ಅರ್ಥ. ಪಕ್ಕದ ಮಗ್ಗದ ಪೆಗ್ ತನಗೇ ಗೊತ್ತಿಲ್ಲದೆ ಗೆಳತಿ ಸಲೀನಾಳ ಮೊಣಕೈ ಹಿಡಿದಳು.

ಸಲೀನಾ ಹೆದರಲಿಲ್ಲ. ಹೆದರುವುದಕ್ಕೂ ಒಂದಿಷ್ಟು ಶಕ್ತಿ ಬೇಕು.

"ನಾನೇ. ಆದ್ರೆ ವಿಳಾಸ ತಪ್ಪಿ ಬಂದಿದ್ದೀರ. ನಮ್ಮನೇಲಿ ಸಾಯೋಕೆ ಇನ್ಯಾರೂ ಉಳಿದಿಲ್ಲ."

ಅವನ ಮುಖ ಕಿವಿಯವರೆಗೂ ಕೆಂಪಾಯಿತು. "ಅಯ್ಯೋ, ಕ್ಷಮಿಸಿ. ಇದು ನೀವೇ ಬರೆದ ಕಾಗದ. ನಾನು ನಿಘಂಟಿನ ಆಫೀಸಿನವನು. ಆಂಬ್ರೋಸ್ ಪೆಟಿಫರ್."

ಆಗ ಅವಳಿಗೆ ನೆನಪಾಯಿತು. ಹದಿನೈದು ದಿನದ ಹಿಂದೆ ಬರೆದಿದ್ದಳು: ನಮ್ಮ ಮಗ್ಗದಲ್ಲಿ ಸ್ಲೇ ಅಂತ ಒಂದು ಭಾಗ ಇದೆ. ಚರ್ಚಲ್ಲಿ ಬೈಬಲ್ ಓದುವಾಗ ಕೊಲ್ಲುವುದಕ್ಕೂ ಸ್ಲೇ ಅನ್ನುತ್ತಾರೆ. ಎರಡೂ ಒಂದೇ ಪದವೇ? ಯುದ್ಧದಲ್ಲಿ ಸತ್ತವರ ಸ್ಮಾರಕದ ಮೇಲೆ 'ಬಿದ್ದವರು' ಅಂತ ಕೆತ್ತಬೇಕೋ, 'ಸ್ಲೇನ್', ಅಂದರೆ ಕೊಲ್ಲಲ್ಪಟ್ಟವರು, ಅಂತ ಕೆತ್ತಬೇಕೋ ಎಂದು ಇಲ್ಲಿ ಜಗಳವಿದೆ. ಬೇಗ ತಿಳಿಸಿ.

"ಒಂದು ಕಾರ್ಡ್ ಬರೆದಿದ್ರೆ ಸಾಕಿತ್ತಲ್ಲ," ಅಂದಳು.

"ಹತ್ತೊಂಬತ್ತು ವರ್ಷದಿಂದ ಕಾರ್ಡೇ ಬರೀತಾ ಇದ್ದೀನಿ," ಅಂದ. "ಸಾಕಾಗಿತ್ತು."

ಆ 'ಸಾಕಾಗಿತ್ತು' ಅನ್ನುವ ಮಾತು ಅವಳಿಗೆ ಪರಿಚಯವಿತ್ತು. ಹತ್ತು ಗಂಟೆ ಮಗ್ಗದ ಮುಂದೆ ನಿಂತವರು ಸಂಜೆ ಹೀಗೇ ಮಾತಾಡುತ್ತಾರೆ. ಅವಳು ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು. ದಪ್ಪ ಕನ್ನಡಕ, ಬೆರಳಿಗೆ ಶಾಯಿ, ನಲವತ್ತು ದಾಟಿದ ಕಣ್ಣು.

"ನಾಳೆ ಬೆಳಗ್ಗೆ ಬನ್ನಿ. ಸ್ಲೇ ತೋರಿಸ್ತೀನಿ. ಪಾಪ, ಅಷ್ಟು ದೂರದಿಂದ ಬಂದಿದ್ದೀರ."

ಶನಿವಾರ ಬೆಳಗ್ಗೆ ಮೇಸ್ತ್ರಿ ಒಪ್ಪಿ ಅವನನ್ನು ಒಳಗೆ ಬಿಟ್ಟ. ನಾನೂರು ಮಗ್ಗಗಳ ಸದ್ದಿಗೆ ಎದೆಯ ಮೂಳೆಯೇ ನಡುಗಿತು. ಅಲ್ಲಿ ಬಾಯಿಬಿಟ್ಟು ಕೂಗಿದರೂ ಕೇಳಿಸದು. ಹಾಗಾಗಿ ನೇಯ್ಗೆಯ ಹೆಂಗಸರು ಸದ್ದೇ ಮಾಡದೆ ತುಟಿಯಲ್ಲೇ ಮಾತಾಡುತ್ತಾರೆ.

ಸಲೀನಾ ಬೆರಳು ತೋರಿಸಿದಳು. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುತ್ತಿತ್ತು. ಅದು ಬಿಟ್ಟುಹೋದ ಹೊಕ್ಕಿನ ಪ್ರತಿ ಎಳೆಯನ್ನೂ ಮರದ ಚೌಕಟ್ಟೊಂದು ಮುಂದೆ ಬಂದು ಬಟ್ಟೆಗೆ ಬಡಿದು ಕೂರಿಸುತ್ತಿತ್ತು. ಅದೇ ಸ್ಲೇ. ಆಂಬ್ರೋಸ್ ಮದುವೆ ಮನೆಗೆ ಬಂದ ಮಗುವಿನ ಹಾಗೆ ಬಾಯಿ ತೆರೆದು ನೋಡುತ್ತ ನಿಂತ.

ಪಕ್ಕದ ಮಗ್ಗದಿಂದ ಪೆಗ್ ತುಟಿ ಆಡಿಸಿದಳು. "ಹೆಂಗವ್ನೆ?"

ಸಲೀನಾ ತುಟಿಯಲ್ಲೇ ಉತ್ತರಿಸಿದಳು. "ತೊಳೆದಿಟ್ಟ ಆಲೂಗಡ್ಡೆ. ಕಣ್ಣು ಮಾತ್ರ ಚೆನ್ನಾಗಿದೆ. ಆ ಕನ್ನಡಕ ತೆಗೆಸಿ ನೋಡ್ಬೇಕು."

ನಗುವ ಭರಕ್ಕೆ ಪೆಗ್‌ಳ ಕೈಯಿಂದ ನೂಲು ಜಾರಿತು. ಆಂಬ್ರೋಸ್ ನಿಧಾನವಾಗಿ ಕನ್ನಡಕ ತೆಗೆದ. ಸಲೀನಾಳ ಕಡೆ ತಿರುಗಿ, ಒಂದು ಚೂರೂ ಸದ್ದಿಲ್ಲದೆ, ತುಟಿ ಆಡಿಸಿದ.

"ನಮ್ಮಮ್ಮನಿಗೆ ಕಿವಿ ಕೇಳಿಸ್ತಿರಲಿಲ್ಲ. ಚಿಕ್ಕಂದಿನಿಂದ ತುಟಿ ಓದ್ತೀನಿ."

ಸಲೀನಾಳಿಗೆ ಮಗ್ಗದ ಕೆಳಗೆ ನುಗ್ಗಿಬಿಡೋಣ ಅನ್ನಿಸಿತು. ಕುತ್ತಿಗೆಯಿಂದ ಹಣೆಯವರೆಗೆ ಬಿಸಿ ಏರಿತು. ಎಷ್ಟೋ ವರ್ಷದಿಂದ ಹಾಗಾಗಿರಲಿಲ್ಲ.

ಮಧ್ಯಾಹ್ನ ಗಿರಣಿ ನಿಂತಿತು. ಸ್ಮಾರಕದ ಸಭೆ ಮೂರಕ್ಕೆ. ಇಬ್ಬರೂ ಕಾಲುವೆಯ ಕಟ್ಟೆಯ ಮೇಲೆ ಕೂತು ಬಿಸಿ ಮಾಂಸದ ಪೈ ತಿಂದರು.

"ಆಲೂಗಡ್ಡೆ ಜಾಸ್ತಿ ಇದೆ ಇದರಲ್ಲಿ," ಅಂದ ಅವನು, ಮುಖ ಗಂಭೀರ ಮಾಡಿಕೊಂಡು.

"ಸುಮ್ನೆ ತಿನ್ರೀ."

ಅವನು ನಕ್ಕ. ಆಮೇಲೆ ಹೇಳಿದ. "ಎರಡೂ ಒಂದೇ ಬೇರಿನವು. ನೀವು ಸರಿಯಾಗೇ ಊಹಿಸಿದ್ರಿ. ಸಾವಿರ ವರ್ಷದ ಹಿಂದೆ ಸ್ಲೇ ಅಂದ್ರೆ ಬರೀ ಹೊಡೆಯೋದು. ಕಮ್ಮಾರ ಹೊಡೆಯೋದೂ ಅದೇ. ಹೊಡೆದು ಹೊಡೆದು ಆಮೇಲೆ ಕೊಲ್ಲೋದು ಅಂತಾಯ್ತು. ಜನರ ಬಾಯಲ್ಲಿ ಈಗ ಕಿಲ್ ಅನ್ನೋ ಪದವೇ ಓಡಾಡೋದು. ಅದಕ್ಕೂ ಮೊದಮೊದಲು ಹೊಡೆಯೋದು ಅಂತಲೇ ಅರ್ಥ ಇತ್ತು. ಅದು ಎಲ್ಲಿಂದ ಬಂತೋ ಯಾರಿಗೂ ಸರಿಯಾಗಿ ಗೊತ್ತಿಲ್ಲ."

"ನಗಿಸಿ ನಗಿಸಿ ಕೆಡವಿದ್ರೂ ಸ್ಲೇ ಅಂತಾರೆ. ಪೆಗ್ ಅಂತಿರ್ತಾಳೆ."

"ಹೌದು. ರೂಪದಿಂದ ಕೆಡವಿದ್ರೂ ಅಂತಾರೆ." ಹಾಗಂದವನು ತಕ್ಷಣ ನೀರಿನ ಕಡೆ ನೋಡತೊಡಗಿದ.

ಸಲೀನಾ ಕೈಗೆ ಅಂಟಿದ ಪೈ ಚೂರು ಒರೆಸಿಕೊಂಡಳು. ಆಮೇಲೆ ಕೋಟಿನ ಒಳಜೇಬಿನಿಂದ ಮಡಿಚಿ ಮಡಿಚಿ ಸವೆದ ಕಾಗದವೊಂದನ್ನು ತೆಗೆದುಕೊಟ್ಟಳು. ಐದು ವರ್ಷದ ಹಿಂದೆ ಯುದ್ಧದಲ್ಲಿ ಸತ್ತ ಅವಳ ತಮ್ಮ ಈನಕ್ ಇದ್ದ ದಳದ ಕ್ಯಾಪ್ಟನ್ ಬರೆದದ್ದು. ತಾಯಿ ಸತ್ತ ಮೇಲೆ ಎಂಟು ವರ್ಷದ ಈನಕ್‌ನನ್ನು ಸಾಕಿದವಳು ಇವಳೇ.

"ಮಾತು ಓದೋದು ನಿಮ್ಮ ಕೆಲಸ. ಇದು ನಿಜಾನಾ ಹೇಳಿ."

ಅವನು ಎರಡು ಸಲ ಓದಿದ. 'ಧೀರನಾಗಿ ಬಿದ್ದನು. ತಕ್ಷಣ ಪ್ರಾಣ ಹೋಯಿತು. ನೋವೇ ತಿಳಿಯಲಿಲ್ಲ.'

"ಕಣ್ಣು ಸರಿಯಿಲ್ಲ ಅಂತ ನನ್ನನ್ನ ಯುದ್ಧಕ್ಕೆ ತಗೊಳ್ಳಲಿಲ್ಲ," ಅಂದ. "ಆಫೀಸಲ್ಲಿ ಕೂತು ಪದ ಜೋಡಿಸ್ತಿದ್ದೆ. ಜೊತೆಗಿದ್ದವರ ಮನೆಗಳಿಗೆ ಬಂದ ಇಂಥ ಕಾಗದ ನಾಕು ನೋಡಿದ್ದೀನಿ. ನಾಕರಲ್ಲೂ ಇವೇ ಮಾತು. ನಿಜಾನೋ ಸುಳ್ಳೋ ನನಗೆ ಗೊತ್ತಿಲ್ಲ, ಮಿಸ್ ಕ್ರಾಷಾ. ಬರೆದವರಿಗೂ ಗೊತ್ತಿತ್ತೋ ಇಲ್ವೋ."

ಐದು ವರ್ಷದಲ್ಲಿ ಅವಳನ್ನು ಎಲ್ಲರೂ ಸಮಾಧಾನ ಮಾಡಿದ್ದರು. ಗೊತ್ತಿಲ್ಲ ಅಂದವನು ಇವನೊಬ್ಬನೇ. ಸಲೀನಾ ಕಟ್ಟೆಯ ಮೇಲೆ ಕೂತಲ್ಲೇ ಅತ್ತಳು. ಅವನು ಬೆನ್ನು ಸವರಲಿಲ್ಲ. ಗಾಳಿ ಅವಳಿಗೆ ತಾಗದಂತೆ ಅದು ಬರುವ ಕಡೆಗೆ ಸರಿದು ಕೂತ, ಅಷ್ಟೇ.

ಸಭೆಯಲ್ಲಿ ಮತ ಹಾಕುವವರು ಸಲೀನಾಳೂ ಸೇರಿ ಹನ್ನೊಂದು ಜನ. ಅಧ್ಯಕ್ಷರು ಮುದುಕ ವಾಮ್ಸ್ಲಿ. ಆಂಬ್ರೋಸ್ ಪದದ ಹುಟ್ಟು ಹೇಳಿ ಕೂತ. ಸಲೀನಾ ಎದ್ದಳು.

"ಬಿದ್ದ ಅಂದ್ರೆ ಕಾಲು ಜಾರಿ ಬಿದ್ದ ಹಾಗಾಯ್ತು. ನಮ್ಮ ಹುಡುಗರು ಜಾರಿ ಬೀಳಲಿಲ್ಲ. ಯಾರೋ ಹೊಡೆದ್ರು. ಯಾರೋ ಅಲ್ಲಿಗೆ ಕಳಿಸಿದ್ರು. ಸ್ಲೇನ್ ಅಂತಾನೇ ಕೆತ್ತಿ. ಓದಿದವರು ಯಾರು ಹೊಡೆದ್ರು ಅಂತ ಕೇಳ್ಲಿ."

ನಾಲ್ಕೈದು ತಲೆ ಹೌದೆಂದು ಆಡಿದವು. ಕೈ ಎತ್ತಿಸಿದಾಗ ಐದು ಆ ಕಡೆ, ಐದು ಈ ಕಡೆ. ಸಲೀನಾಳ ಕೈ ಒಂದೇ ಉಳಿದಿತ್ತು. ಅವಳಿಂದಲೇ ಎದ್ದ ಜಗಳ, ಅವಳು ಕೊನೆಗೆ ಎತ್ತಲಿ ಅಂತ ಬಿಟ್ಟಿದ್ದರು.

ಆಗ ವಾಮ್ಸ್ಲಿ ಮೇಜು ಹಿಡಿದು ಎದ್ದರು. ಮಾತು ಬಹಳ ಸಣ್ಣಗೆ ಬಂತು.

"ನೀನು ಹೇಳಿದ್ದೇ ಸರಿ ಕಣಮ್ಮ. ನನ್ನ ಮಗನೂ ಆ ಪಟ್ಟಿಯಲ್ಲಿದ್ದಾನೆ. ದಿನಾ ನಾನು ಆ ಕಲ್ಲಿನ ಮುಂದೇನೇ ಹೋಗಬೇಕು. ಬಿದ್ದವನು ಎದ್ರೂ ಏಳಬಹುದು ಅನ್ಸುತ್ತೆ ನಂಗೆ. ಕೊಂದ್ರು ಅಂತ ಬರೆದ್ರೆ ಮುಗೀತು. ಎಪ್ಪತ್ನಾಕು ನಂಗೆ. ಇನ್ನೆಷ್ಟು ದಿನ? ಅಲ್ಲೀವರೆಗೆ ಬಿದ್ದವನು ಅಂತಲೇ ಬಿಟ್ಟುಬಿಡಮ್ಮ."

ಮೇಜು ಹಿಡಿದಿದ್ದ ಮುದುಕರ ಕೈಯನ್ನು ಸಲೀನಾ ನೋಡಿದಳು. ಹದಿನೈದು ದಿನ ಮನಸ್ಸಲ್ಲೇ ಜಗಳವಾಡಿದ್ದು ಈ ಮನುಷ್ಯನ ಜೊತೆಗೆ. ಅವಳು ಕೈ ಎತ್ತಿದಳು, 'ಬಿದ್ದವರು' ಅನ್ನುವ ಕಡೆಗೆ.

ಇಬ್ಬರೂ ಅವಳ ಮನೆಗೆ ನಡೆದರು. ಬಾಗಿಲು ತೆರೆದು, ಒಲೆಯ ಪಕ್ಕದ ಕುರ್ಚಿಗೆ ಕುಸಿದು ಅಂದಳು, "ನಿಮ್ಮನ್ನ ಅಷ್ಟು ದೂರದಿಂದ ಸುಮ್ನೆ ಕರೆಸಿದ ಹಾಗಾಯ್ತು."

"ನೀವು ಕರೆಸಲಿಲ್ಲ. ನಾನಾಗೇ ಬಂದೆ."

"ಆರಕ್ಕೆ ನಿಮ್ಮ ರೈಲು."

"ಗೊತ್ತು."

ಅವಳು ಮರದ ಅಟ್ಟೆಯ ಪಾದರಕ್ಷೆಯ ಕೊಂಡಿ ಬಿಚ್ಚಲು ಬಗ್ಗಿದಳು. ಸೊಂಟ ಕೇಳಲಿಲ್ಲ. ಹಾಗೇ ಹಿಂದಕ್ಕೆ ಒರಗಿದಳು. ಆಂಬ್ರೋಸ್ ನೆಲಕ್ಕೆ ಮಂಡಿಯೂರಿ ಕೊಂಡಿಗೆ ಕೈ ಹಾಕಿದ.

"ಏಯ್, ಏಳ್ರೀ! ಯಾರಾದ್ರೂ ನೋಡಿದ್ರೆ?"

"ನೋಡ್ಲಿ. ನಾನೊಂದು ಮಾತು ಹೇಳ್ಬೇಕು. ಕೂತ್ಕೊಂಡು ಹೇಳೋಷ್ಟು ಧೈರ್ಯ ಇಲ್ಲ, ಇಲ್ಲಿಂದಾನೇ ಹೇಳ್ತೀನಿ." ಕೊಂಡಿ ಗಟ್ಟಿಯಾಗಿತ್ತು, ಅವನ ಶಾಯಿಯ ಬೆರಳು ಜಾರುತ್ತಿತ್ತು. "ಆ ಮುದುಕರಿಗೋಸ್ಕರ ನೀವು ಕೈ ಎತ್ತಿದ್ರಲ್ಲ, ಆಗಲೇ ನಾನು ಹೋಗಲ್ಲ ಅಂತ ತೀರ್ಮಾನ ಆಗೋಯ್ತು. ನನ್ನ ಮದುವೆ ಆಗ್ತೀರಾ?"

ಒಂದು ಕಾಲಿನ ಕೊಂಡಿ ಕೊನೆಗೂ ಬಿಚ್ಚಿತು. ಸಲೀನಾ ಅವನ ಬೋಳಾಗುತ್ತಿದ್ದ ನೆತ್ತಿ ನೋಡಿದಳು.

"ನಿನ್ನೆ ಸಂಜೆ ಸಿಕ್ಕಿದವರು ನೀವು."

"ಹೌದು."

"ನಾನು ಈ ಊರು ಬಿಟ್ಟು ಬರಲ್ಲ."

"ಪದದ ಚೀಟಿಗಳು ಅಂಚೇಲೇ ಬರೋದು. ಇಲ್ಲಿಗೂ ಅಂಚೆ ಬರುತ್ತೆ."

"ಸಂಜೆ ಹೊತ್ತು ನನ್ನ ಕೈಲಿ ಏನೂ ಆಗಲ್ಲ. ಅಡುಗೆ ಇಲ್ಲ, ಮಾತಿಲ್ಲ. ಈ ಕುರ್ಚೀಲೇ ನಿದ್ದೆ."

"ಮೊಟ್ಟೆ ಬೇಯಿಸೋಕೆ ಬರುತ್ತೆ ನಂಗೆ. ಮಾತು ಬೇಡ. ಮಾತು ನೋಡಿ ನೋಡಿ ಸಾಕಾಗಿದೆ."

ಅವಳಿಗೆ ನಗು ಬಂತು. ಆ ನಗುವಿನಲ್ಲೇ ಕಣ್ಣೂ ತುಂಬಿತು. ಶಕ್ತಿಯೇ ಇಲ್ಲದ ಕೈಯನ್ನು ಎತ್ತಿ ಅವನ ನೆತ್ತಿಯ ಮೇಲಿಟ್ಟಳು. "ಆಯ್ತು," ಅಂದಳು.

ಬಾಗಿಲು ತಳ್ಳಿಕೊಂಡು ಪೆಗ್ ಬಂದಳು, ಕೈಯಲ್ಲಿ ಬ್ರೆಡ್ಡು. ನೆಲದ ಮೇಲೆ ಕೂತ ಗಂಡಸನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

"ಏನೇ ಇದು, ಸಲೀನಾ?"

"ಮುಂದಿನ ಭಾನುವಾರ ಚರ್ಚಲ್ಲಿ ಮದುವೆಗೆ ಅಂತ ನಮ್ಮಿಬ್ಬರ ಹೆಸರು ಕೂಗಿಸ್ಬೇಕು," ಅಂದಳು ಸಲೀನಾ, ಕಣ್ಣು ಮುಚ್ಚಿಕೊಂಡೇ. "ಬ್ರೆಡ್ಡು ಇಟ್ಟು ಕೂತ್ಕೋ ಬಾ. ಇವರು ಕೊಂಡಿ ಬಿಚ್ಚೋಕೆ ಇನ್ನೂ ಒಂದು ಕಾಲು ಬಾಕಿ ಇದೆ."